ಅಪ್ಪನ ಅಂಗಿಯ ಸಾಕ್ಷಿಗಳು

ಆಟ ಮುಗಿಸಿ ಬಂದ ಮಗಳ ಅಂಗಿಯನ್ನು ಒಗೆಯಲು ಎತ್ತಿಕೊಂಡೆ. ಬೆವರಿನ ವಾಸನೆ ಮೂಗಿಗೆ ಬಡಿದು ಪೀಣ್ಯದಲ್ಲಿ ನಾನು ಬೆಳೆದ ವಠಾರ ನೆನಪಾಯಿತು.

ಅಲ್ಲಿನ ಗಂಡಸರೆಲ್ಲ ಒಂದೇ ಕಾರ್ಖಾನೆಯವರು, ಎಲ್ಲರಿಗೂ ಒಂದೇ ಥರದ ನೀಲಿ ಅಂಗಿ. ಕೆಲಸದಿಂದ ಬಂದವರು ಅದನ್ನು ಜಗಲಿಯ ಮೊಳೆಗೆ ಸಿಕ್ಕಿಸಿ ನಲ್ಲಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದರು. ಒಂದು ಸಂಜೆ ಅಪ್ಪನ ಹೊಸ ಅಂಗಿಯ ಜಾಗದಲ್ಲಿ ತೋಳು ಹರಿದದ್ದೊಂದು ನೇತಾಡುತ್ತಿತ್ತು. ಹೊಸದು ಪಕ್ಕದ ಮನೆಯ ಮಾದಣ್ಣನ ಕೈಯಲ್ಲಿತ್ತು.

"ಇದು ನಂದೇ ಕಣ್ರೀ" ಎಂದ. ಜಗಳಕ್ಕೆ ಹೆದರುವ ಅಪ್ಪ ಹರಿದದ್ದನ್ನೇ ಕೈಗೆತ್ತಿಕೊಂಡರು.

ಶಾಲೆಯಲ್ಲಿ ಹೆಸರು ಕೂಗಿದರೂ ನಡುಗುತ್ತಿದ್ದ ನಾನು ಅದು ಹೇಗೋ ಮುಂದೆ ಹೋಗಿ ಮೂಸಿದೆ. "ಇದು ನಮ್ಮಪ್ಪನ ವಾಸ್ನೆ."

"ಏನಮ್ಮೀ, ಪೊಲೀಸ್ ನಾಯೀನಾ ನೀನು?" ಮಾದಣ್ಣ ನಕ್ಕ.

"ಕಣ್ ಕಟ್ಟಿ ನೋಡಣ್ಣ, ಗೊತ್ತಾಯ್ತದೆ" ಎಂದ ಅಮ್ಮ ಸೆರಗಿನಿಂದ ನನ್ನ ಕಣ್ಣು ಮುಚ್ಚಿದಳು. ಒಂದೊಂದೇ ಅಂಗಿಯನ್ನು ಮೂಗಿಗೆ ಹಿಡಿದರು. ನಾನು ಒಬ್ಬೊಬ್ಬರ ಹೆಸರೂ ಹೇಳಿದೆ. ಹರಿದದ್ದು ಬಂದಾಗ "ಇದು ಮಾದಣ್ಣಂದು" ಎಂದೆ. ವಠಾರವೇ ಕೇಕೆ ಹಾಕಿತು. ಅಪ್ಪ ಹೊಸ ಅಂಗಿ ತೊಟ್ಟು ನನ್ನನ್ನು ಹೆಗಲ ಮೇಲೆ ಹೊತ್ತು ಬೀದಿಯೆಲ್ಲ ಸುತ್ತಿದರು.

"ಬೆವರಿಗೆ ವಾಸನೇನೇ ಇಲ್ಲಮ್ಮ. ಚರ್ಮದ ಮೇಲಿರೋ ಬ್ಯಾಕ್ಟೀರಿಯಾ ಮಾಡೋದು ಅದು. ಒಬ್ಬೊಬ್ರದು ಒಂದೊಂದ್ ಥರ" ಎಂದಳು ಮಗಳು ಇವತ್ತು, ಈ ಕತೆ ಕೇಳಿ.

ಮೈಮೇಲೆ ಹುಳವೇ ಎಂದು ತೋಳು ಉಜ್ಜಿಕೊಂಡೆ. ಆದರೆ ಅವತ್ತು ಅಪ್ಪನ ಪರ ಸಾಕ್ಷಿ ಹೇಳಿದ್ದು ಅವೇ ಅಲ್ಲವೇ? ಮಗಳ ಅಂಗಿಯನ್ನು ಇನ್ನೊಮ್ಮೆ ಮೂಸಿಯೇ ಬಕೆಟ್ಟಿಗೆ ಹಾಕಿದೆ.