ಸೀರೆಯ ಮೇಲೆ ತೆಗೆದ ಅಳತೆ

ಕೋವಿಡ್ ಮುಗಿದ ಮರುವರ್ಷ ನಾನು ಶಿವಾಜಿನಗರದ ಒಂದು ಕೃತಕ ಕಾಲು ಕೇಂದ್ರದಲ್ಲಿ ಹಿರಿಯ ಪ್ರಾಸ್ಥೆಟಿಸ್ಟ್ ಆಗಿದ್ದೆ. ಕಾಲು ಕಳೆದುಕೊಂಡವರ ಅಳತೆ ತೆಗೆದು, ಕಾಲು ಮಾಡಿ, ತೊಡಿಸಿ, ನಡೆಸುವುದು ನನ್ನ ಕೆಲಸ. ಈಗ ನಿವೃತ್ತಳಾಗಿ ಕುಕ್ ಟೌನಿನ ಮನೆಯಲ್ಲಿ ಕೂತಿದ್ದೇನೆ. ಆದರೂ ಜಯಮ್ಮನ ಕೇಸು ನೆನಪಾದರೆ ಇಂದಿಗೂ ಮೈ ಉರಿಯುತ್ತದೆ.

ಜಯಮ್ಮ ಕೆ.ಆರ್. ಪುರದವರು. ಜೀವನ್ ಬಿಮಾ ನಗರದ ಒಂದು ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದರು. ಲಾರಿ ಹರಿದು ಬಲಗಾಲು ಮಂಡಿಯ ಕೆಳಗೆ ಹೋಗಿತ್ತು. ಒಂದು ಸೇವಾ ಸಂಘದ ಶಿಬಿರದಲ್ಲಿ ಉಚಿತವಾಗಿ ಕೃತಕ ಕಾಲು ಸಿಕ್ಕಿತು. ವರ್ಷ ತುಂಬುವುದರೊಳಗೆ ಉಳಿದಿದ್ದ ಕಾಲಿನ ತುದಿ ಊದಿ, ಕಪ್ಪಾಗಿ, ಹುಣ್ಣಾಯಿತು. ಯಾವ ಮುಲಾಮಿಗೂ ಒಣಗಲಿಲ್ಲ. ಸಂಘದವರು ಹೇಳಿದ್ದು ಒಂದೇ ಮಾತು: “ಶುಗರ್ ಇರ್ಬೇಕು, ಕ್ಲೀನಾಗಿ ಇಟ್ಕೊಳ್ಳಮ್ಮ.” ಜಯಮ್ಮನಿಗೆ ಶುಗರ್ ಇರಲೇ ಇಲ್ಲ.

ಕೊನೆಗೆ ಆಸ್ಪತ್ರೆಯ ಸರ್ಜನ್ ಮಂಡಿಯ ಮೇಲಕ್ಕೆ ಕತ್ತರಿಸಬೇಕಾಗಬಹುದು ಎಂದರು. ಅದಕ್ಕೆ ಮುಂಚೆ ಕೃತಕ ಕಾಲನ್ನು ಒಮ್ಮೆ ನೋಡಿ ಎಂದು ನನ್ನ ಬಳಿ ಕಳಿಸಿದರು. ಮಂಡಿ ಉಳಿದರೆ ಮೆಟ್ಟಿಲು ಹತ್ತಬಹುದು, ಒಲೆಯ ಮುಂದೆ ನಿಲ್ಲಬಹುದು. ಅದೂ ಹೋದರೆ ಜಯಮ್ಮನ ಅಡುಗೆ ಕೆಲಸ ಮುಗಿದ ಹಾಗೆ.

ನಿಂತಾಗ ಎಲ್ಲವೂ ಸರಿಯಾಗಿಯೇ ಕಂಡಿತು. ಶಿಬಿರದವರೂ ನಿಲ್ಲಿಸಿಯೇ ನೋಡಿದ್ದರು. ಕಾಲು ಕೂರುವ ಬಟ್ಟಲಿಗೆ ನಾವು ಸಾಕೆಟ್ ಎನ್ನುತ್ತೇವೆ. ಅದರ ಅಂಚಿಗೆ ಸರಿಯಾಗಿ, ಒಳಗೆ ಹಾಕಿದ್ದ ಕಾಲುಚೀಲದ ಮೇಲೆ ಪೆನ್ನಿನಿಂದ ಗೆರೆ ಎಳೆದು, “ಈಗ ಕಾಲೆತ್ತಿ” ಎಂದೆ. ಕೃತಕ ಕಾಲು ಕೆಳಗೆ ಜಾರಿತು. ಗೆರೆಗೂ ಅಂಚಿಗೂ ನಡುವೆ ಹೆಬ್ಬೆರಳು ಹಿಡಿಸುವಷ್ಟು ಜಾಗ ಬಿಟ್ಟುಕೊಂಡಿತು. ಊರಿದಾಗ ಮತ್ತೆ ಒಳಕ್ಕೆ ಗುದ್ದಿತು. ಹೀಗೆ ಜಾರದಂತೆ ಕಾಲನ್ನು ಹಿಡಿದಿಡುವ ವ್ಯವಸ್ಥೆಯೇ ಸಸ್ಪೆನ್ಷನ್. ಜಯಮ್ಮನ ಕಾಲಿಗೆ ಇದ್ದದ್ದು ಮಂಡಿಚಿಪ್ಪಿಗಿಂತ ತುಸು ಮೇಲೆ ಸುತ್ತಿ ಕಟ್ಟುವ ಒಂದು ಚರ್ಮದ ಪಟ್ಟಿ.

ಬಾಗಿಲು ಹಾಕಿ, ಸೀರೆ ಎತ್ತಲು ಹೇಳಿದೆ. ಪಟ್ಟಿಯಲ್ಲಿ ಮೊಳೆ ಕಾಯಿಸಿ ಕೊರೆದ ಹೊಸ ತೂತುಗಳಿದ್ದವು. ಅದನ್ನು ತೊಡೆಗೆ ಏರಿಸಿ ಬಿಗಿದುಕೊಂಡಿದ್ದರು. ಚರ್ಮ ಕಂದಿ ಹಳ್ಳಬಿದ್ದಿತ್ತು.

“ಇಷ್ಟು ಬಿಗಿಯಾಗಿ ಯಾಕೆ ಕಟ್ಟಿದ್ರಿ?”

“ಸಡ್ಲ ಇತ್ತು ಮೇಡಂ, ಜಾರ್ತಿತ್ತು. ಅಳತೆ ತಗೊಂಡೋರೆಲ್ಲ ಗಂಡಸ್ರು. ಮಂಡಿ ತನಕ ಸೀರೆ ಎತ್ಸಿದ್ರು. ಅದರ ಮೇಲಕ್ಕೆ ಎತ್ತು ಅನ್ನೋಕೆ ಅವ್ರಿಗೂ ನಾಚ್ಕೆ, ನಂಗೂ ನಾಚ್ಕೆ. ಸುತ್ತ ಜನ ಬೇರೆ. ಸೀರೆ ಮೇಲೇನೇ ಪಟ್ಟಿ ಸುತ್ತಿ ತೂತು ಹೊಡೆದ್ರು.”

ಮಡಿಕೆ ಮಡಿಕೆಯಾಗಿ ಮುದುಡಿದ್ದ ಸೀರೆಯ ಮೇಲೆ ತೆಗೆದ ಅಳತೆ ಬರಿ ಮೈಗೆ ಸಡಿಲವಾಗದೆ ಇನ್ನೇನಾಗುತ್ತದೆ? ಸಡಿಲವಾದಾಗ ಜಾರಿ ಉಜ್ಜಿತು. ಬಿಗಿದಾಗ ಜಾರುವುದೂ ನಿಲ್ಲದೆ, ರಕ್ತ ಮೇಲಕ್ಕೆ ಹರಿಯದೆ ತುದಿ ಊದಿತು. ಹೆಂಗಸೊಬ್ಬಳು ಅಳತೆ ತೆಗೆದಿದ್ದರೆ, ಒಂದು ಪರದೆ ಇದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ.

“ಹೆಂಗಸ್ರನ್ನ ಮುಟ್ಟಿದ್ರೆ ಗಲಾಟೆ ಆಗುತ್ತೆ ಮೇಡಂ. ಪರದೆ ಕಟ್ಟಿದ್ರೆ ಫೋಟೋ ಹೆಂಗೆ ತೆಗೆಯೋದು? ಫ್ರೀ ಕ್ಯಾಂಪ್ ಅಲ್ವಾ, ಅವ್ರೂ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು.”

“ಆಯಮ್ಮ ಅಡ್ಜಸ್ಟ್ ಮಾಡ್ಕೊಂಡೇ ಈಗ ಮಂಡಿ ಕಳ್ಕೊಳ್ತಿರೋದು ಕಣ್ರೀ” ಎಂದು ಕಿರುಚಿದೆ. ಕೇಂದ್ರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ.

ಸರ್ಜನ್ ನನ್ನ ಮಾತು ಕೇಳಿ ಆಪರೇಷನ್ ಮುಂದೂಡಿದರು. ಹುಣ್ಣು ಒಣಗುವವರೆಗೆ ಕೃತಕ ಕಾಲು ತೊಡದಂತೆ ಜಯಮ್ಮನಿಗೆ ಹೇಳಿದೆವು. ಆಮೇಲೆ ಹೊಸ ಸಾಕೆಟ್ ಮಾಡಿ, ಪಟ್ಟಿಯ ಬದಲು ಸ್ಲೀವ್ ಹಾಕಿದೆ. ಇದು ಸಾಕೆಟ್ಟಿನಿಂದ ತೊಡೆಯವರೆಗೆ ಚರ್ಮಕ್ಕೆ ಅಂಟಿ ಕೂರುವ ರಬ್ಬರಿನಂಥ ಚೀಲ. ಒಳಗೆ ಗಾಳಿ ಹೋಗಗೊಡದೆ, ಒಂದೇ ಕಡೆ ಕತ್ತು ಹಿಸುಕಿದಂತೆ ಬಿಗಿಯದೆ ಕಾಲನ್ನು ಹಿಡಿಯುತ್ತದೆ. ಮತ್ತೆ ಗೆರೆ ಎಳೆದು ಕಾಲೆತ್ತಿಸಿದೆ. ಈ ಸಲ ಗೆರೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಸರ್ಜನ್ ತುದಿಯನ್ನು ಒತ್ತಿ ನೋಡಿ, “ಈ ಮಂಡೀನ ನಾನು ಮುಟ್ಟಲ್ಲ” ಎಂದರು. ಜಯಮ್ಮ ಅಲ್ಲೇ ಅತ್ತುಬಿಟ್ಟರು.

ಅದೇ ಸಂಘದ ಮುಂದಿನ ಶಿಬಿರ ಹಲಸೂರಿನ ಒಂದು ಛತ್ರದಲ್ಲಿ ನಡೆಯಿತು. ಹೆಂಗಸರ ಅಳತೆ ತೆಗೆಯಲು ನಾನೇ ಬರುತ್ತೇನೆ, ಆದರೆ ಪರದೆ ಇದ್ದರೆ ಮಾತ್ರ ಎಂದು ಮೊದಲೇ ಹೇಳಿದ್ದೆ. ಹೋಗಿ ನೋಡಿದರೆ ಬ್ಯಾನರ್ ಇತ್ತು, ಹಾರಗಳಿದ್ದವು, ಕ್ಯಾಮೆರಾದವನಿದ್ದ. ಪರದೆ ಮಾತ್ರ ಇರಲಿಲ್ಲ. ನಾನು ಕಾರ್ಯದರ್ಶಿಯ ಮೇಲೆ ಹರಿಹಾಯುತ್ತಿದ್ದಾಗ ಜಯಮ್ಮ ನಡೆದುಕೊಂಡೇ ಒಳಗೆ ಬಂದರು. ಇಲ್ಲಿ ಪರದೆ ಇರುವುದಿಲ್ಲ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕೈಚೀಲದಿಂದ ಹಳೆಯ ಸೀರೆಗಳನ್ನೂ ಹಗ್ಗವನ್ನೂ ತೆಗೆದು ಕಂಬದಿಂದ ಕಂಬಕ್ಕೆ ಕಟ್ಟಿದರು.

ನಿಂತವರನ್ನು ನೋಡಿ ಕಾಲು ಸರಿಯಿದೆ ಎನ್ನಬಾರದು, ಎತ್ತಿಸಿ ನೋಡಬೇಕು. ನನ್ನ ವೃತ್ತಿ ನನಗೆ ಕಲಿಸಿದ ಪಾಠ ಅದು. ಎತ್ತಿ ತೋರಿಸಲು ಹೆಂಗಸಿಗೆ ಒಂದು ಮರೆ ಬೇಕು ಎಂಬುದನ್ನು ಆ ದಿನ ಇಡೀ ಛತ್ರಕ್ಕೆ ಕಲಿಸಿದವರು ಜಯಮ್ಮ.

ಕ್ಯಾಮೆರಾದವನು ಮರೆಗೆ ಕಟ್ಟಿದ್ದ ಸೀರೆ ಸರಿಸಲು ಕೈ ಚಾಚಿದ. ಜಯಮ್ಮ ಅಡ್ಡ ನಿಂತರು. “ಫೋಟೋ ತಾನೆ ಬೇಕು? ನನ್ನದು ತಕ್ಕೋ, ಇಲ್ಲೇ ನಿಂತಿರ್ತೀನಿ” ಎಂದರು. ಆಮೇಲೆ ಸಾಲಿನ ಮೊದಲಲ್ಲಿದ್ದ ಹುಡುಗಿಯ ಕಡೆ ತಿರುಗಿ, “ನೀನು ಒಳಗ್ ಹೋಗಮ್ಮ” ಎಂದರು.