ಗೀರಿಲ್ಲದ ಗೋಡೆ

ಮರದ ಎಳೆಯನ್ನರಿತವನು, ಪರರ ಮನೆಯ ಗುಟ್ಟನ್ನು ಹೊಸ್ತಿಲಾಚೆ ಒಯ್ಯದವನು, ಸ್ನಾನಮಾಡದೆ ಹತಾರ ಮುಟ್ಟದವನು, ಹಸಿದು ಬಂದವರಿಗೆ ತನ್ನ ತುತ್ತನ್ನೇ ಕೊಟ್ಟವನು, ತನ್ನ ಕೈಗೆ ಆಗದೆಂದು ಒಮ್ಮೆಯೂ ನುಡಿಯದವನು, ಇಂತಪ್ಪವನು ದೊಡ್ಡಬೆಳವಂಗಲದ ಬಡಗಿ ಮುನಿರಾಮಯ್ಯ. ಈ ಕಡೆಯ ಗುಣವೇ ಅವನಿಗೆ ಕಹಿಯಾಗಿ ಪರಿಣಮಿಸಿದ್ದು ಸಾವಿರದ ಒಂಬೈನೂರ ನಲವತ್ತಾರರ ಮಾಘಮಾಸದಲ್ಲಿ.

ಹಿಡುವಳಿದಾರ ಅಪ್ಪಯ್ಯಣ್ಣನ ಮನೆಯಲ್ಲಿ ದೇವರ ಕೋಣೆ ಮಹಡಿಯ ಮೇಲಿತ್ತು. ಮೊಣಕಾಲು ಸೋತ ಅವನ ತಾಯಿ ಅಕ್ಕಯಮ್ಮ, ಮೆಟ್ಟಿಲ ಪಕ್ಕದ ಗೋಡೆಗೆ ಬಿಗಿದಿದ್ದ ಮರದ ಹಿಡಿಗಂಬಿಯನ್ನು ಆತು ದಿನವೂ ಹತ್ತಿ ದೀಪವಿಡುತ್ತಿದ್ದಳು. ಹನ್ನೆರಡು ವರ್ಷದ ಹಿಂದೆ ಅದನ್ನು ಬಿಗಿದವನೂ ಮುನಿರಾಮಯ್ಯನೇ.

ಅಪ್ಪಯ್ಯಣ್ಣನ ಮಗಳಿಗೆ ನಲ್ಲೂರಿನ ಸಂಬಂಧ ಕೂಡಿಬಂದಿತು. ಗಂಡಿನವರು ಮನೆ ನೋಡುವ ಶಾಸ್ತ್ರಕ್ಕೆ ಬರಲು ಐದು ದಿನವಿರುವಾಗ ಅವನು ಬಡಗಿಯನ್ನು ಕರೆಸಿದ.

"ಈ ಹಿಡಿಗಂಬೀನ ಕಂಡ್ರೆ ಈ ವಂಶದಲ್ಲಿ ಕಾಲು ಬಿದ್ದೋಗೋ ರೋಗ ಐತೆ ಅಂದ್ಕೊಂಡ್ಬಿಡ್ತಾರೆ ಕಣಯ್ಯ. ತೆಗೀಬೇಕು. ಗಾರೆ ಕಿತ್ಕೊಂಡು ಬರೋದಾದ್ರೆ ಮಾತ್ರ ಬ್ಯಾಡ. ಗೋಡೆ ಮೇಲೆ ಗಾಯ ಕಂಡ್ರೆ ಇನ್ನೂ ಅನುಮಾನ."

ಕಿತ್ತುಬರುತ್ತದೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮುನಿರಾಮಯ್ಯ ಮೀಸೆಯಲ್ಲೇ ನಕ್ಕು, "ಒಂದು ಗೀರು ಬಿದ್ರೆ ಉಳಿ ಬಿಸಾಕ್ಬಿಡ್ತೀನಿ ಅಣ್ಣ" ಎಂದ. ಮೆಟ್ಟಿಲ ಬುಡದಲ್ಲಿ ಅಕ್ಕಯಮ್ಮ ನಿಂತಿರುವುದನ್ನು ಅವನು ಕಂಡದ್ದು ಆಮೇಲೆ.

"ಶಹಬಾಸ್ ಆಚಾರಿ!" ಎಂದಳು ಮುದುಕಿ. "ಅಂಗೇ ನನ್ ಕಾಲೆರಡನ್ನೂ ಬಿಚ್ಕೊಂಡು ಹೋಗಪ್ಪ."

ಆಡಿದ ಮಾತನ್ನು ಹಿಂತೆಗೆಯಲಾರದೆ ಅವನು ಕೆಲಸಕ್ಕಿಳಿದ. ಕಂಬಿಯ ಅಂಚಿಗೆ ಕಚ್ಚಿದ್ದ ಸುಣ್ಣದ ಪದರವನ್ನು ತೆಳುಗತ್ತಿಯಿಂದ ಸೀಳಿದ. ತುಕ್ಕು ಹಿಡಿದ ತಿರುಪುಗಳಿಗೆ ಕಾದ ಸರಳು ಮುಟ್ಟಿಸಿ, ಮೊದಲು ಕೂದಲೆಳೆಯಷ್ಟು ಬಿಗಿದು, ಬಳಿಕ ಸಡಿಲಿಸಿದ. ಮೀಟುಗೋಲನ್ನು ಹತ್ತಿರ ಸುಳಿಯಗೊಡಲಿಲ್ಲ. ತಿರುಪುಗಳು ಕಚ್ಚಿ ಕೂತಿದ್ದ ಗೋಡೆಯೊಳಗಿನ ಮರದ ಬೆಣೆಗಳನ್ನು ಅಲುಗಿಸದೆ ಬಿಟ್ಟು, ಮೇಲೆ ಬೆಲ್ಲದ ನೀರಿನಲ್ಲಿ ಅರೆದ ಗಾರೆ ತುಂಬಿ, ನುಣುಪುಗಲ್ಲಿನಿಂದ ಉಜ್ಜಿದ. ಬೀಗರು ಆ ಗೋಡೆಯನ್ನು ಸವರಿ ಸವರಿ ಮೆಚ್ಚಿದರು.

ಮದುವೆ ಮುಗಿದೊಡನೆ ಮುನಿರಾಮಯ್ಯ ತಾನೇ ಹೋಗಿ ಕೇಳಿದ: "ಬೆಣೆ ಅಲ್ಲೇ ಅವೆ ಅಣ್ಣ, ಅರ್ಧ ದಿನದ ಕೆಲಸ. ತಿರುಗಿ ಕೂರಿಸ್ಲಾ?"

"ಬೀಗರು ಬರ್ತಾ ಹೋಗ್ತಾ ಇರ್ತಾರಲ್ಲಯ್ಯ! ಅದೂ ಅಲ್ದೆ, ಆ ಕಂಬಿ ಮದುವೆ ಒಲೆಗೋಯ್ತು."

ಅಂದಿನಿಂದ ಅಕ್ಕಯಮ್ಮ ಕೆಳಗೇ ಕುಳಿತು ಮೆಟ್ಟಿಲುಗಳಿಗೆ ಕೈಮುಗಿದಳು. ಮೇಲಿನ ದೀಪವನ್ನು ಸೊಸೆ ಹಚ್ಚುತ್ತಿದ್ದಳು, ನೆನಪಾದ ದಿನ. ಮುನಿರಾಮಯ್ಯ ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟ.

ಘಾಟಿಯ ಸುಬ್ರಹ್ಮಣ್ಯಸ್ವಾಮಿ ಅವನನ್ನೂ, ಅವನ ಮಡದಿ ಅಂಜಿನಮ್ಮನನ್ನೂ, ಮಕ್ಕಳನ್ನೂ ಕಾಯಲಿ; ಆ ಮನೆಯ ಮುದುಕರಿಗೆ ಕಡೆಯ ದಿನದವರೆಗೂ ಹಿಡಿಯಲೊಂದು ಕೈ ಇರಲಿ.