ಇಪ್ಪತ್ತನಾಲ್ಕು ಪೆಟ್ಟಿಗೆ, ಒಂದೇ ಶ್ರುತಿ

ಕೆಪಾಸಿಟರ್ ಮಾಡುವವರ ಮೇಲೆ ನನಗೆ ಇವತ್ತಿಗೂ ಸಿಟ್ಟು. ವಿದ್ಯುತ್ ಹಿಡಿದಿಡುವ ಆ ಪುಟ್ಟ ಬಿಲ್ಲೆಗಳು ಒಂದೇ ಪೊಟ್ಟಣದಲ್ಲಿ ಬಂದಿರುತ್ತವೆ, ಮೈಮೇಲೆ ಒಂದೇ ಅಂಕಿ ಇರುತ್ತದೆ, ಅಳೆದು ನೋಡಿದರೆ ಒಂದಕ್ಕೊಂದು ತಾಳೆಯಿಲ್ಲ. ಅಷ್ಟಿಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ ಎಂದು ಅವರೇ ಅಚ್ಚು ಹಾಕಿ ಕೈತೊಳೆದುಕೊಂಡಿರುತ್ತಾರೆ. ಆಮೇಲೆ ಕೂತು ಸರಿಮಾಡುವುದು ನನ್ನಂಥವರ ಹಣೆಬರಹ.

ನಾನು ಚನ್ನಪಟ್ಟಣದಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡುತ್ತೇನೆ. ಒಳಗೆ ಸ್ವರ ಹುಟ್ಟಿಸುವ ಆಸಿಲೇಟರ್ ಇರುತ್ತದೆ. ಕೆಪಾಸಿಟರ್ ಸ್ವಲ್ಪ ಹೆಚ್ಚಿನದಾದರೆ ಸ್ವರ ಇಳಿಯುತ್ತದೆ, ಕಡಿಮೆಯದಾದರೆ ಏರುತ್ತದೆ. ಅದನ್ನು ಸರಿದೂಗಿಸಲೆಂದೇ ಪ್ರತಿ ಬೋರ್ಡಿನಲ್ಲೂ ಕಡಲೆಕಾಳಿನಷ್ಟು ಒಂದು ಪ್ರೀಸೆಟ್, ಅದರ ನೆತ್ತಿಯಲ್ಲಿ ಸೀಳಿರುವ ಪುಟ್ಟ ಸ್ಕ್ರೂ. ಮೀಟರ್ ನೋಡುತ್ತಾ ಕೂದಲೆಳೆಯಷ್ಟು ತಿರುಗಿಸಬೇಕು. ಸ್ವರ ಕೂತಮೇಲೆ ಸ್ಕ್ರೂ ಅಲುಗದ ಹಾಗೆ ಒಂದು ತೊಟ್ಟು ನೈಲ್ ಪಾಲಿಶ್ ಹಾಕಬೇಕು.

ಪೆಟ್ಟಿಗೆಯ ಮರದ ಮೈ ಮಾಡಿಕೊಡುತ್ತಿದ್ದವರು ನಮ್ಮ ಬೀದಿಯ ಬೊಂಬೆ ಮಾಡುವ ಚಾಚಾ. ಅವರಲ್ಲಿ ಮರ ಕಡೆಯುವ ಮೂರು ಲೇತ್ ಇದ್ದವು, ಎರಡು ನಿಂತುಹೋಗಿದ್ದವು. ಮೂರನೆಯದು ಓಡುತ್ತಿದ್ದುದು ನನ್ನ ಪೆಟ್ಟಿಗೆಗಳಿಂದ. ಅವರದೊಂದು ಪದ್ಧತಿ ಇತ್ತು. ಮಾಲು ಕೊಡುವ ಮುಂಚೆ ಎಲ್ಲವನ್ನೂ ಹಲಗೆಯ ಮೇಲೆ ಸಾಲಾಗಿ ಇಟ್ಟು, ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡುವುದು. ಸಾಲಿನಲ್ಲಿ ಯಾವುದಾದರೂ ಒಂದು ಬೇರೆಯಾಗಿ ಕಂಡಿತೋ, ಅದು ವಾಪಸ್ಸು ಲೇತಿಗೆ. ಆ ಕಣ್ಣನ್ನು ನಾನೇ ಊರೆಲ್ಲ ಹೊಗಳಿದ್ದೆ.

ಕನಕಪುರದ ಸಂಗೀತದ ಟೀಚರೊಬ್ಬರು ತಮ್ಮ ಬಳಿ ಕಲಿಯುವ ಮಕ್ಕಳಿಗೆಂದು ಇಪ್ಪತ್ತನಾಲ್ಕು ಪೆಟ್ಟಿಗೆ ಕೇಳಿದ್ದರು. ಎಲ್ಲವನ್ನೂ ಒಟ್ಟಿಗೆ ನುಡಿಸಿದರೆ ಒಂದೇ ಸ್ವರ ಕೇಳಬೇಕು, ಇಲ್ಲವಾದರೆ ಬೆಂಗಳೂರಿನಿಂದ ಪ್ಲಾಸ್ಟಿಕ್ಕಿನವು ತರಿಸಿಕೊಳ್ಳುತ್ತೇನೆ ಎಂದು ಮುಖಕ್ಕೇ ಹೇಳಿದ್ದರು. ಸರಿಹೋದರೆ ವರ್ಷವರ್ಷವೂ ಕೆಲಸ. ತಪ್ಪಿದರೆ ನಾನು ಮಿಕ್ಸಿ ರಿಪೇರಿ ಮಾಡಿಕೊಂಡು ಬದುಕಿಯೇನು, ಚಾಚಾನ ಮೂರನೆಯ ಲೇತೂ ನಿಲ್ಲುತ್ತಿತ್ತು.

ಶುಕ್ರವಾರ ಸಂಜೆ ಚಾಚಾನ ಕಾರ್ಖಾನೆಯಲ್ಲೇ ಕೂತು ಇಪ್ಪತ್ತನಾಲ್ಕು ಬೋರ್ಡನ್ನೂ ಶ್ರುತಿಗೆ ತಂದು, ತಯಾರಾಗಿದೆ ಎಂದು ಟೀಚರಿಗೆ ಫೋನೂ ಮಾಡಿದೆ. ನೈಲ್ ಪಾಲಿಶ್ ಶೀಶೆ ನೋಡಿದರೆ ಒಣಗಿ ಕಲ್ಲಾಗಿತ್ತು. ಬೆಳಿಗ್ಗೆ ಹಾಕಿದರಾಯಿತು ಎಂದು ಬೋರ್ಡುಗಳನ್ನು ಅಲ್ಲೇ ಬಿಟ್ಟು ಮನೆಗೆ ಹೋದೆ. ಎಂಥ ಬುದ್ಧಿಗೇಡಿ ನಾನು!

ಬೆಳಿಗ್ಗೆ ಒಂಬತ್ತಕ್ಕೆ ಹೋದಾಗ ಬೋರ್ಡುಗಳು ಹಲಗೆಯ ಮೇಲೆ ಸಾಲಾಗಿ ಕೂತಿದ್ದವು. ಇಪ್ಪತ್ತನಾಲ್ಕು ಸ್ಕ್ರೂಗಳ ಸೀಳೂ ಒಂದೇ ದಿಕ್ಕಿಗೆ, ನೇರವಾಗಿ, ಬಾಗಿಲ ಕಡೆಗೆ. ನಾನು ಓಡಿಹೋಗಿ ಒಂದು ಬೋರ್ಡು ಎತ್ತಿಕೊಂಡೆ. ಚಾಚಾ ಮಾತ್ರ ಮುಖ ಅರಳಿಸಿಕೊಂಡು ಬಂದರು.

"ಎಲ್ಲಾ ಸೊಟ್ಟಸೊಟ್ಟಗೆ ಇದ್ವು ಬೇಟಿ. ಒಂದೇ ಲೈನ್‌ಗೆ ತಂದಿವ್ನಿ, ನೋಡು."

ಏನು ಹೇಳುವುದು ಇವರಿಗೆ? ಆ ಸೊಟ್ಟದಲ್ಲೇ ಅಲ್ಲವೇ ನನ್ನ ಇಡೀ ಸಂಜೆಯ ಕೆಲಸ ಇದ್ದದ್ದು! ಒಳಗಿನ ಕೆಪಾಸಿಟರ್ ಬೇರೆ ಬೇರೆಯಾದ್ದರಿಂದಲೇ ಸ್ಕ್ರೂ ಬೇರೆ ಬೇರೆ ಕಡೆ ನಿಲ್ಲಬೇಕು. ಇವರು ಹೊರಗಡೆ ಒಂದು ಮಾಡಲು ಹೋಗಿ ಒಳಗಡೆ ಇಪ್ಪತ್ತನಾಲ್ಕು ಸ್ವರ ಮಾಡಿಟ್ಟಿದ್ದರು. ಬಾಯಿಗೆ ಬಂದಂತೆ ಕೂಗಾಡಿದೆ. ಹಿರಿಯರು ಎಂಬುದನ್ನೂ ನೋಡಲಿಲ್ಲ. ಎರಡು ಬೋರ್ಡಿಗೆ ಕರೆಂಟು ಕೊಟ್ಟೆ. ಎರಡು ಸ್ವರ ಒಂದಕ್ಕೊಂದು ಹಾಯ್ದು ಊಂಯ್ ಊಂಯ್ ಎಂದು ತೂಗಾಡಿದವು. ಸಿಟ್ಟಿನಲ್ಲಿ ವೈರು ಕಿತ್ತು ಬಿಸಾಡಿ, ಈ ತೂಗಾಟ ಗೊತ್ತಾಗುವುದಿಲ್ಲವೇ ಎಂದು ಕೇಳಿದೆ.

ಚಾಚಾ ಬಗ್ಗಿ, ಬೋರ್ಡಿಗೆ ಕಿವಿಯಿಟ್ಟು, ತಲೆಯಾಡಿಸಿದರು. "ಹೂಂ, ಒಸಿ ಅಲ್ಲಾಡ್ತೈತೆ."

ವೈರು ನನ್ನ ಕಾಲಬುಡದಲ್ಲಿ ಬಿದ್ದಿತ್ತು. ಬೋರ್ಡು ಆಗಲೇ ಸುಮ್ಮನಾಗಿತ್ತು.

ನಾನು ವೈರನ್ನೂ ಅವರ ಮುಖವನ್ನೂ ನೋಡಿದೆ. ಅವರೂ ವೈರು ನೋಡಿದರು. ನಿಧಾನವಾಗಿ ಹಲಗೆಯ ಪಕ್ಕ ಕೂತರು.

"ಕಿವಿ ಹೋಗಿ ಎರಡು ವರ್ಸ ಆಯ್ತು ಬೇಟಿ. ಕಿವುಡನ ಕೈಗೆ ಶ್ರುತಿಪೆಟ್ಟಿಗೆ ಕೆಲ್ಸ ಯಾರು ಕೊಡ್ತಾರೆ, ನೀನೇ ಹೇಳು."

ಎರಡು ವರ್ಷದಿಂದ ದಿನಾ ಹೋಗಿಬರುವ ನನಗೆ ಗೊತ್ತಾಗಿರಲಿಲ್ಲ. ಲೇತಿನ ಸದ್ದಿನಲ್ಲಿ ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ, ತುಟಿ ನೋಡಿ ಉತ್ತರ ಹೇಳುತ್ತಾರೆ. ನನ್ನ ಮೇಲೇ ನನಗೆ ರೇಗಿಹೋಯಿತು. ಆದರೆ ರೇಗಿಕೊಂಡು ಕೂರಲು ಹೊತ್ತೆಲ್ಲಿತ್ತು? ಟೀಚರ್ ಬರುವುದು ಹನ್ನೊಂದಕ್ಕೆ. ಮೀಟರ್ ಎಳೆದುಕೊಂಡು ಒಂದೊಂದಾಗಿ ತಿರುಗಿಸತೊಡಗಿದೆ. ನೈಲ್ ಪಾಲಿಶ್ ತರಲು ಹೊರಟವಳನ್ನು ಚಾಚಾ ಕೈಹಿಡಿದು ಕೂರಿಸಿ, ಬೊಂಬೆಗೆ ಬಳಿಯುವ ಕೆಂಪು ಅರಗಿನ ಕಡ್ಡಿ ಕಾಯಿಸಿಕೊಂಡು ಬಂದರು. ನಾನು ಸಾಕು ಎಂದು ಕೈ ತೋರಿಸಿದ ಕೂಡಲೇ ಸ್ಕ್ರೂ ಇದ್ದಲ್ಲೇ, ಸೊಟ್ಟಗಿದ್ದ ಹಾಗೇ, ಒಂದು ಚುಕ್ಕೆ ಅರಗು ಇಟ್ಟರು. ಆರಿದ ಮೇಲೆ ಮತ್ತೆ ಅಳೆದೆ, ಸ್ವರ ಕದಲಿರಲಿಲ್ಲ.

ಹತ್ತೊಂಬತ್ತು ಮುಗಿದಾಗ ಟೀಚರ್ ಬಂದೇಬಿಟ್ಟರು. ನಾವು ಉಳಿದ ಐದನ್ನು ಮುಗಿಸಿ ಬೋರ್ಡುಗಳನ್ನು ಪೆಟ್ಟಿಗೆಗೆ ಕೂರಿಸುವವರೆಗೆ, ಮುಕ್ಕಾಲು ಗಂಟೆ, ಸ್ಟೂಲಿನ ಮೇಲೆ ಗಂಟುಮುಖ ಹಾಕಿಕೊಂಡು ಕೂತರು. ಕೊನೆಗೆ ಇಪ್ಪತ್ತನಾಲ್ಕನ್ನೂ ಒಟ್ಟಿಗೆ ಹಾಕಿಸಿ, ಕಣ್ಣು ಮುಚ್ಚಿ ಕೇಳಿದರು. ಒಂದೇ ಸ್ವರ. ಕಣ್ಣು ಬಿಟ್ಟವರು, ಸ್ವರವೇನೋ ಸರಿ, ನಿನ್ನೆಯೇ ತಯಾರಾಗಿದೆ ಎಂದವರು ಇವತ್ತು ಯಾಕೆ ಕಾಯಿಸಿದಿರಿ, ನಿಮ್ಮನ್ನು ನಂಬುವುದು ಹೇಗೆ ಎಂದರು. ತಪ್ಪು ನನ್ನದೇ, ಸೀಲ್ ಹಾಕದೆ ಬಿಟ್ಟುಹೋಗಿದ್ದೆ ಎಂದೆ.

ನನ್ನ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿ ನಿಂತಿದ್ದ ಚಾಚಾಗೆ ನನ್ನ ತುಟಿ ಕಾಣಲಿಲ್ಲ. ಟೀಚರ್ ಮುಖ ನೋಡಿ ಏನೋ ಕೆಟ್ಟಿತೆಂದುಕೊಂಡರು. ಮುಂದೆ ಬಂದು ಕೈಮುಗಿದರು.

"ಸ್ಕ್ರೂ ತಿರುಗ್ಸಿದ್ದು ನಾನು ಅಮ್ಮೋರೆ. ಆ ಮಗೀನ ಬೈಬ್ಯಾಡಿ."

ಟೀಚರ್ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದರು. ಮುಂದಿನ ವರ್ಷವೂ ಮರದ್ದೇ ಇರಲಿ ಎಂದರು. ಚಾಚಾ ಇನ್ನೂ ಕೈಮುಗಿದೇ ನಿಂತಿದ್ದರು. ನಾನೇ ಹತ್ತಿರ ಹೋಗಿ, ತುಟಿ ಕಾಣುವ ಹಾಗೆ ಅವರೆದುರು ನಿಂತು, ಮುಂದಿನ ವರ್ಷದ ಕೆಲಸವೂ ನಮ್ಮದೇ ಎಂದು ಹೇಳಬೇಕಾಯಿತು.